ಸೂತ್ರದ ತಪ್ಪು, ದೇಹದ ಮೇಲೆ ದೂರು

ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆ ಎಂದು ತಿಳಿಯಲು ಇವತ್ತು ಯಾರೂ ಪ್ರಯೋಗಾಲಯದ ಬಾಗಿಲು ಬಡಿಯುವುದಿಲ್ಲ. ತೂಕ, ಎತ್ತರ, ವಯಸ್ಸು ತುಂಬಿ, ಗಂಡೋ ಹೆಣ್ಣೋ ಎಂದು ಒತ್ತಿದರೆ ಸಾಕು, ಮೊಬೈಲು ‘ನಿಮ್ಮ ಬಿಎಂಆರ್ 1,252’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಆಮೇಲಿನದು ಸುಲಭ: ಅದನ್ನು ದುಡಿಮೆಗೆ ತಕ್ಕಂತೆ ಇಂತಿಷ್ಟರಿಂದ ಗುಣಿಸಿ, ಅದರಲ್ಲಿ 500 ಕಳೆಯಿರಿ, ಉಳಿದಷ್ಟೇ ತಿನ್ನಿ, ವಾರಕ್ಕೆ ಅರ್ಧ ಕಿಲೊ ಇಳಿಯಿರಿ. ಬೆಂಗಳೂರಿನ ಡಯಟ್ ಕ್ಲಿನಿಕ್ಕಿನಲ್ಲಿ ಕೇಳಿಬರುತ್ತಿದ್ದ ಈ ಲೆಕ್ಕ ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಮೊಬೈಲಿಗೂ ಬಂದಿದೆ. ಚಿನಕುರಳಿಯಂಥ ಹೋಬಳಿ ಊರನ್ನೂ ಅದು ಬಿಟ್ಟಿಲ್ಲ. ಹೇಳಿದಷ್ಟೇ ತಿಂದರೂ ತೂಕ ಇಳಿಯದೆ ಹೋದರೆ ಅದಕ್ಕೂ ಉತ್ತರ ಸಿದ್ಧವಿದೆ: ‘ನಿಮ್ಮ ಮೆಟಬಾಲಿಸಂ ಸ್ಲೋ.’ ಈ ಉತ್ತರವನ್ನೇ ನಾನು ಇಲ್ಲಿ ಖಂಡಿಸುತ್ತಿರುವುದು. ದೇಹವನ್ನು ಯಾರೂ ಅಳೆದಿಲ್ಲ. ಅಳೆದದ್ದು ಬೇರೆ ಯಾರನ್ನೋ, ಬೇರೆಲ್ಲೋ, ಬೇರೆ ಕಾಲದಲ್ಲಿ. ಆ ಅಳತೆಯಿಂದ ಬಂದ ಸರಾಸರಿ ನಮ್ಮ ದೇಹಕ್ಕೆ ಹೊಂದದೆ ಹೋದಾಗ ಸೂತ್ರ ತಪ್ಪಿತು ಎನ್ನಬೇಕಾದಲ್ಲಿ ದೇಹ ತಪ್ಪಿತು ಎನ್ನುತ್ತಿದ್ದೇವೆ. ಇದು ನಿನ್ನೆ ಮೊನ್ನೆ ಆ್ಯಪ್ ಕಂಪನಿಗಳು ಶುರುಮಾಡಿದ ಚಾಳಿಯಲ್ಲ. ನಮ್ಮ ಮಟ್ಟಿಗೆ ಇದಕ್ಕೆ ಸುಮಾರು ತೊಂಬತ್ತು ವರ್ಷದ ಇತಿಹಾಸವಿದೆ.

ಮೊದಲು ನಿಜವಾದ ಅಳತೆ ಎಂದರೆ ಏನು ಎಂಬುದನ್ನು ನೋಡೋಣ. ಹಿಂದಿನ ರಾತ್ರಿ ಉಂಡು ಹನ್ನೆರಡು ಗಂಟೆಯಾದರೂ ಕಳೆದಿರಬೇಕು. ಬೆಳಿಗ್ಗೆ ಎದ್ದವರು ಓಡಾಡದೆ, ಕಾಫಿ ಕುಡಿಯದೆ, ಹೆಚ್ಚು ಚಳಿಯೂ ಸೆಕೆಯೂ ಇಲ್ಲದ ಕೋಣೆಯಲ್ಲಿ ಎಚ್ಚರವಾಗಿಯೇ ಅಲುಗದೆ ಮಲಗಿರಬೇಕು. ಜ್ವರವಿರಬಾರದು, ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೂ ಖರ್ಚು ನೂರಕ್ಕೆ ಹತ್ತಕ್ಕೂ ಹೆಚ್ಚು ಏರಬಹುದು. ಆಗ ಮೂಗು ಬಾಯಿಗೆ ಮುಸುಕು ಹಾಕಿ, ಒಳಗೆ ಹೋದ ಆಮ್ಲಜನಕ ಎಷ್ಟು, ಹೊರಗೆ ಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಅಳೆಯುತ್ತಾರೆ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 4.8 ಕ್ಯಾಲೊರಿ ಖರ್ಚಾಯಿತು ಎಂದು ಲೆಕ್ಕ. ಉಸಿರಾಟವೂ ಒಂದು ಬಗೆಯ ಉರಿಯುವಿಕೆಯೇ ಎಂದು 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ತೋರಿಸಿದ ದಾರಿಯ ಮುಂದುವರಿಕೆ ಇದು. ಈ ಅಳತೆಗೆ ಉಪಕರಣ ಬೇಕು, ನುರಿತ ಕೈ ಬೇಕು, ತಾಳ್ಮೆ ಬೇಕು. ಆದ್ದರಿಂದಲೇ ಸೂತ್ರಗಳು ಹುಟ್ಟಿದವು. ಒಂದಷ್ಟು ಜನರನ್ನು ಹೀಗೆ ಅಳೆದು, ಅವರ ತೂಕ ಎತ್ತರ ವಯಸ್ಸಿಗೂ ಆ ಅಳತೆಗೂ ಇರುವ ಸಂಬಂಧವನ್ನು ಗಣಿತದಲ್ಲಿ ಕಟ್ಟಿದರೆ, ಅಳೆಯದ ಜನರ ಬಗ್ಗೆಯೂ ಊಹಿಸಬಹುದು. ಊಹೆ ಎಂಬ ಮಾತು ನೆನಪಿರುವವರೆಗೆ ಇದರಲ್ಲಿ ತಪ್ಪೇನಿಲ್ಲ.

ಆ ‘ಒಂದಷ್ಟು ಜನ’ ಯಾರು? ಇಂದಿಗೂ ಚಾಲ್ತಿಯಲ್ಲಿರುವ ಹ್ಯಾರಿಸ್ ಮತ್ತು ಬೆನೆಡಿಕ್ಟ್ ಸೂತ್ರ 1919ರದು. ಅಮೆರಿಕದ ಕಾರ್ನೆಗಿ ಸಂಸ್ಥೆ ಬಾಸ್ಟನ್ನಿನಲ್ಲಿ ನಡೆಸುತ್ತಿದ್ದ ಪ್ರಯೋಗಾಲಯದ ಕೆಲಸ ಅದು. 136 ಗಂಡಸರು ಮತ್ತು 103 ಹೆಂಗಸರ ಅಳತೆಯ ಮೇಲೆ ನಿಂತಿದೆ. ಆ್ಯಪ್‌ಗಳಿಗೆ ಅಚ್ಚುಮೆಚ್ಚಿನ ಮಿಫ್ಲಿನ್ ಮತ್ತು ಸೇಂಟ್ ಜಿಯೋರ್ ಸೂತ್ರ 1990ರದು. ಅದರ ಹಿಂದಿರುವುದು 498 ಮಂದಿ ಆರೋಗ್ಯವಂತ ಅಮೆರಿಕನ್ನರು. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಮೂರೂ ಸೇರಿ 1985ರಲ್ಲಿ ಜಗತ್ತಿಗೆಲ್ಲ ಒಪ್ಪಿಸಿದ ಸ್ಕೋಫೀಲ್ಡ್ ಸಮೀಕರಣಗಳಿಗೆ ಏಳು ಸಾವಿರಕ್ಕೂ ಹೆಚ್ಚು ಅಳತೆಗಳ ಆಧಾರವಿತ್ತು. ಸಂಖ್ಯೆ ದೊಡ್ಡದು ನಿಜ. ಆದರೆ ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಟಲಿಯವರದು. ಅವರಲ್ಲೂ ಸೇನೆಯ ಯುವಕರು, ಗಣಿ ಕಾರ್ಮಿಕರು ಬಹಳ. ಉಷ್ಣವಲಯದ ಜನ ಅದರಲ್ಲಿ ತೀರ ಕಡಿಮೆ. 1991ರಲ್ಲಿ ಹೆನ್ರಿ ಮತ್ತು ರೀಸ್ ಪರಿಶೀಲಿಸಿದಾಗ ಈ ಸಮೀಕರಣಗಳು ಉಷ್ಣವಲಯದವರ ಖರ್ಚನ್ನು ಸರಾಸರಿ ನೂರಕ್ಕೆ ಎಂಟರಷ್ಟು ಹೆಚ್ಚಾಗಿ ಹೇಳುತ್ತವೆ ಎಂದು ಕಂಡಿತು. ಇಲ್ಲಿ ಗಮನಿಸಬೇಕಾದದ್ದು ತಪ್ಪಿನ ಪ್ರಮಾಣಕ್ಕಿಂತ ಅದರ ದಿಕ್ಕನ್ನು. ಒಮ್ಮೆ ಮೇಲೆ ಒಮ್ಮೆ ಕೆಳಗೆ ತಪ್ಪುವ ತಕ್ಕಡಿಯಾಗಿದ್ದರೆ ಹಲವು ತೂಕಗಳ ನಡುವೆ ತಪ್ಪು ಸರಿಹೋಗುತ್ತಿತ್ತು. ಯಾವಾಗಲೂ ಒಂದೇ ಕಡೆ ವಾಲುವ ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೂ ನಷ್ಟ ಒಬ್ಬರಿಗೇ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ಲೆಕ್ಕ ಮಾಡೋಣ. 35 ವರ್ಷದ, 50 ಕಿಲೊ ತೂಕದ, 152 ಸೆಂಟಿಮೀಟರ್ ಎತ್ತರದ ಒಬ್ಬ ಹೆಂಗಸು. ಹ್ಯಾರಿಸ್ ಮತ್ತು ಬೆನೆಡಿಕ್ಟ್ ಪ್ರಕಾರ ಈಕೆ ಮಲಗಿದಲ್ಲೇ ದಿನಕ್ಕೆ 1,251 ಕ್ಯಾಲೊರಿ ಖರ್ಚು ಮಾಡುತ್ತಾಳೆ. ಸ್ಕೋಫೀಲ್ಡ್ ಪ್ರಕಾರ 1,252. ಮಿಫ್ಲಿನ್ ಪ್ರಕಾರ 1,114. ಸ್ಕೋಫೀಲ್ಡ್ ಸಂಖ್ಯೆಯಲ್ಲಿ ಭಾರತೀಯರಿಗೆಂದು ಹತ್ತನೇ ಒಂದು ಪಾಲು ಕಳೆದರೆ 1,127. ಒಂದೇ ದೇಹ, ಒಂದೇ ದಿನ, 138 ಕ್ಯಾಲೊರಿಯ ಅಂತರ. ಈಕೆ ಗದ್ದೆ ಕೆಲಸದವಳೆಂದುಕೊಂಡು 1.8ರಿಂದ ಗುಣಿಸಿದರೆ ಅಂತರ 250ರ ಹತ್ತಿರ ಬರುತ್ತದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 320 ಕ್ಯಾಲೊರಿ. ಎಂದರೆ ಎರಡು ಸೂತ್ರಗಳ ಜಗಳದಲ್ಲಿ ಈಕೆಯ ತಟ್ಟೆಯಿಂದ ಹೋಗುವುದೋ ಬರುವುದೋ ಸುಮಾರು ಎಂಬತ್ತು ಗ್ರಾಂ ಹಿಟ್ಟು, ಒಂದು ಸಾಧಾರಣ ಮುದ್ದೆ. ಯಾವ ಆ್ಯಪ್ ಯಾವ ಸೂತ್ರ ಬಳಸುತ್ತದೆ ಎಂಬುದರ ಮೇಲೆ ಒಬ್ಬಳ ಮುದ್ದೆ ನಿಂತಿದೆ. ಹೀಗಿದ್ದೂ ಪರದೆಯ ಮೇಲೆ ಕಾಣುವುದು ‘1,250ರ ಆಸುಪಾಸು’ ಎಂದಲ್ಲ, ಬಿಡಿ ಅಂಕಿಯವರೆಗೆ ನಿಖರವಾಗಿ ‘1,252’. ಕೊನೆಯ ಆ ಎರಡಕ್ಕೆ ಯಾವ ಅರ್ಥವೂ ಇಲ್ಲ, ನಂಬಿಸುವುದೊಂದೇ ಅದರ ಕೆಲಸ.

ಸೂತ್ರಗಳಲ್ಲಿ ಒಳ್ಳೆಯದನ್ನೇ ಆರಿಸಿಕೊಂಡರೆ ಆಗದೇ ಎಂದರೆ, ಒಳ್ಳೆಯ ಸೂತ್ರವೂ ಹೇಳುವುದು ಗುಂಪಿನ ಸರಾಸರಿಯನ್ನು. ಪಾಶ್ಚಾತ್ಯ ದೇಶಗಳಲ್ಲೇ, ತನ್ನದೇ ಜನರ ನಡುವೆಯೇ, ಮಿಫ್ಲಿನ್ ಸೂತ್ರದ ಊಹೆ ನಿಜ ಅಳತೆಯಿಂದ ನೂರಕ್ಕೆ ಹತ್ತರೊಳಗೆ ಬೀಳುವುದು ಸಾಧಾರಣ ಮೈಕಟ್ಟಿನವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿಗೆ, ಬೊಜ್ಜಿನವರಲ್ಲಿ ಸುಮಾರು ಏಳು ಮಂದಿಗೆ. ತೂಕ ಇಳಿಸುವ ಸಲಹೆ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ತಪ್ಪು ಹೆಚ್ಚು. ಕಾರಣ ದೇಹದೊಳಗಿದೆ. ಮಿದುಳು, ಪಿತ್ತಜನಕಾಂಗ, ಹೃದಯ, ಮೂತ್ರಪಿಂಡ ಎಲ್ಲ ಸೇರಿದರೂ ವಯಸ್ಕರ ದೇಹತೂಕದ ನೂರರಲ್ಲಿ ಆರು ಪಾಲು ದಾಟುವುದು ಕಷ್ಟ; ಆದರೆ ವಿಶ್ರಾಂತಿಯ ಖರ್ಚಿನಲ್ಲಿ ಸುಮಾರು ಅರವತ್ತು ಪಾಲು ಅವುಗಳದೇ. ಒಂದು ಕಿಲೊ ಮಾಂಸಖಂಡ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸಿದರೆ ಒಂದು ಕಿಲೊ ಕೊಬ್ಬು ನಾಲ್ಕೂವರೆಯಷ್ಟೇ ಬಳಸುತ್ತದೆ. ಸೂತ್ರಕ್ಕೆ ಇದೊಂದೂ ಕಾಣುವುದಿಲ್ಲ, ಕಾಣುವುದು ಒಟ್ಟು ತೂಕ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಉದಾಹರಣೆ ಮಾಡಿಕೊಂಡು ಇದನ್ನು ತೋರಿಸಿದರು: ಇಬ್ಬರ ಬಿಎಂಐಯೂ (ಎತ್ತರಕ್ಕೆ ಹೋಲಿಸಿದ ತೂಕ) 22.3, ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು 1990ರ ದಶಕದ ಕೊನೆಯಿಂದ ಹಿಂಬಾಲಿಸಿದ ಅಧ್ಯಯನವೂ ಇದನ್ನೇ ಹೇಳಿತು. ನಮ್ಮ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವು, ಮಾಂಸಖಂಡ ಕಡಿಮೆ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ಹುಟ್ಟಿನಿಂದಲೇ ಬೇರೆ ಹದದಲ್ಲಿ ಕಟ್ಟಿಕೊಂಡ ಮೈಯನ್ನು ಬಾಸ್ಟನ್ನಿನ ತೂಕದ ಲೆಕ್ಕದಲ್ಲಿ ಅಳೆದರೆ ಸಂಖ್ಯೆ ಹೊಂದದೆ ಹೋಗುವುದು ಸಹಜ.

ಹೊಂದಲಿಲ್ಲ ಎಂಬುದು ಬಹಳ ಹಿಂದೆಯೇ ಗೊತ್ತಾಗಿತ್ತು. 1931ರಲ್ಲಿ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲೆನರ್ ಮೇಸನ್, ಅದೇ ಬಾಸ್ಟನ್ನಿನ ಬೆನೆಡಿಕ್ಟ್ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಅಳತೆಗಳನ್ನು ಪ್ರಕಟಿಸಿದರು. ಅಮೆರಿಕದ ಮಾನದಂಡಕ್ಕಿಂತ ಅವು ಗಣನೀಯವಾಗಿ ಕೆಳಗಿದ್ದವು. ಆಗ ಕೇಳಬಹುದಾದ ಪ್ರಶ್ನೆ ಎರಡಿದ್ದವು: ಮಾನದಂಡ ಇಲ್ಲಿಗೆ ಸಲ್ಲುತ್ತದೆಯೇ? ಅಥವಾ ಈ ಜನರ ದೇಹವೇ ಬೇರೆಯೇ? ದಶಕಗಟ್ಟಲೆ ಜಗತ್ತು ಹೆಚ್ಚು ಕೆದಕಿದ್ದು ಎರಡನೆಯದನ್ನೇ. ಜನಾಂಗ ಕಾರಣ, ಹವಾಮಾನ ಕಾರಣ, ಆಹಾರ ಕಾರಣ ಎಂಬ ವಾದಗಳು ಒಂದರ ಮೇಲೊಂದು ಬಂದವು. ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೊ ಸೋರೆಸ್ ಮತ್ತು ಸಂಗಡಿಗರು 1980ರ ದಶಕದಿಂದ ಉಸಿರನ್ನು ಅಳೆಯುತ್ತಾ ಬಂದರು. ಸ್ಕೋಫೀಲ್ಡ್ ಸಮೀಕರಣ ಭಾರತೀಯರಿಗೆ ಹೊಂದುವುದಿಲ್ಲ ಎಂದು 1988ರಲ್ಲೇ ತೋರಿಸಿದರು. 1998ರಲ್ಲಿ ಸೋರೆಸ್, ಪಿಯರ್ಸ್, ಓಡೀ, ಶೆಟ್ಟಿ ಸೇರಿ ಭಾರತೀಯರ ಮತ್ತು ಆಸ್ಟ್ರೇಲಿಯನ್ನರ ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಬರೀ ತೂಕದಿಂದ ಹೋಲಿಸುವುದನ್ನು ಬಿಟ್ಟು ಕೊಬ್ಬಿಲ್ಲದ ದೇಹಭಾಗ ಎಷ್ಟು, ಕೊಬ್ಬು ಎಷ್ಟು ಎಂದು ಬಿಡಿಸಿ ನೋಡಿದಾಗ ಜನಾಂಗದ ವ್ಯತ್ಯಾಸ ಎಂಬುದು ಉಳಿಯಲೇ ಇಲ್ಲ. ಭಾರತೀಯರ ಜೀವಕೋಶ ಸೋಮಾರಿಯಲ್ಲ. ಒಂದು ಕಿಲೊ ಮಾಂಸಖಂಡ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಾಡುವಷ್ಟೇ ಖರ್ಚನ್ನು ಪಾಂಡವಪುರದಲ್ಲೂ ಮಾಡುತ್ತದೆ. ನಮ್ಮ ಮೈಯಲ್ಲಿ ಆ ಮಾಂಸಖಂಡ ಕಡಿಮೆ, ಅಷ್ಟೇ. ಇದು ಗೊತ್ತಾಗಿ ಕಾಲು ಶತಮಾನ ಕಳೆದ ಮೇಲೂ ‘ನಮ್ಮವರದು ಸ್ಲೋ ಮೆಟಬಾಲಿಸಂ’ ಎಂದು ಪಾಠ ಹೇಳುವವರಿದ್ದಾರೆ.

ಈ ತಪ್ಪು ತೂಕ ಇಳಿಸುವವರ ಚಿಂತೆಗಷ್ಟೇ ಸೇರಿದ್ದಲ್ಲ, ಹಸಿದವರ ಪಾಲಿಗೂ ಬಂದಿತ್ತು. 1970 ಮತ್ತು 80ರ ದಶಕಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ, ದೇಹ ಒಂದು ಮಿತಿಯೊಳಗೆ ಕಡಿಮೆ ಊಟಕ್ಕೆ ತನ್ನ ಖರ್ಚನ್ನು ಹೊಂದಿಸಿಕೊಳ್ಳುತ್ತದೆ, ಆದ್ದರಿಂದ ಸರಾಸರಿ ಅಗತ್ಯಕ್ಕಿಂತ ಕಡಿಮೆ ಉಣ್ಣುವವರನ್ನೆಲ್ಲ ಅಪೌಷ್ಟಿಕರೆಂದು ಎಣಿಸಬಾರದು ಎಂದು ವಾದಿಸಿದರು. ಸರಾಸರಿಯನ್ನು ಒಬ್ಬೊಬ್ಬರ ಮೇಲೆ ಹೇರಬೇಡಿ ಎಂಬ ಅವರ ಮೊದಲ ಮಾತು ಸರಿಯೇ. ಆದರೆ ಅಲ್ಲಿಂದ ಅಮೆರಿಕದ ಡೇವಿಡ್ ಸೆಕ್ಲರ್ ಒಂದು ಹೆಜ್ಜೆ ಮುಂದೆ ಹೋಗಿ, ಇವರು ಚಿಕ್ಕವರು, ಆದರೆ ಆರೋಗ್ಯವಂತರು ಎಂದುಬಿಟ್ಟರು. ಬೆಂಗಳೂರಿನ ಅಳತೆಗಳು ಈ ನೆಮ್ಮದಿಯನ್ನು ಕೆಡಿಸಿದವು. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಗಂಡಸರ ಒಟ್ಟು ಖರ್ಚು ಕಡಿಮೆಯಿತ್ತು ನಿಜ. ಆದರೆ ಕಿಲೊ ತೂಕದ ಲೆಕ್ಕದಲ್ಲಿ ನೋಡಿದರೆ ಅದು ಕಡಿಮೆಯಾಗಿರಲಿಲ್ಲ, ಹೆಚ್ಚೇ ಇತ್ತು. ಮೈ ಕರಗುವಾಗ ಮೊದಲು ಸವೆಯುವುದು ಮಾಂಸಖಂಡ ಮತ್ತು ಕೊಬ್ಬು. ಹೆಚ್ಚು ಉರಿಸುವ ಮಿದುಳು, ಪಿತ್ತಜನಕಾಂಗ ಅಷ್ಟು ಬೇಗ ಸವೆಯುವುದಿಲ್ಲ. ಅಲ್ಲಿದ್ದದ್ದು ಜಾಣ ಮಿತವ್ಯಯವಲ್ಲ, ಸಣ್ಣದಾಗಿ ಹೋದ ಮೈ. ಕಬ್ಬು ಕಡಿಯುವ ಕೂಲಿಯವನ ಬಿಎಂಆರ್ ಸೂತ್ರ ಹೇಳಿದ್ದಕ್ಕಿಂತ ಕೆಳಗಿದ್ದರೆ ಅದನ್ನು ಅವನ ದೇಹದ ಗುಣವೆಂದು ಓದುವುದು ಅನ್ಯಾಯ; ಬಾಲ್ಯದಿಂದ ಅವನಿಗೆ ಸಿಗದೆ ಹೋದ ಊಟದ ಲೆಕ್ಕ ಅದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮವರಿಗೆಂದೇ ಕೋಷ್ಟಕ ಕೊಟ್ಟಿದೆಯಲ್ಲ, ಇನ್ನೇನು ತಕರಾರು ಎಂದು ಕೇಳಬಹುದು. ಆ ಕೋಷ್ಟಕವನ್ನೇ ನೋಡೋಣ. 55 ಕಿಲೊ ತೂಕದ, ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,900 ಕ್ಯಾಲೊರಿ ಬೇಕು ಎಂದು 2010ರ ಪಟ್ಟಿ ಹೇಳಿತು. 2020ರ ಪಟ್ಟಿ ಅದೇ ತೂಕದ ಅದೇ ಹೆಂಗಸಿಗೆ 1,660 ಎಂದಿತು. ಹತ್ತು ವರ್ಷದಲ್ಲಿ ಯಾವ ಹೆಂಗಸಿನ ದೇಹವೂ 240 ಕ್ಯಾಲೊರಿಯಷ್ಟು ಬದಲಾಗಲಿಲ್ಲ, ಬದಲಾದದ್ದು ಲೆಕ್ಕ. 65 ಕಿಲೊ ತೂಕದ ಯುವಕನಿಗೆ ಸ್ಕೋಫೀಲ್ಡ್ ಸಮೀಕರಣ 1,671 ಎನ್ನುತ್ತದೆ. 2020ರ ಪಟ್ಟಿಯ ಅಂಕಿಯನ್ನು, ದುಡಿಮೆಗೆಂದು ಗುಣಿಸಿದ ಅಂಕಿಯಿಂದ ಹಿಂದಕ್ಕೆ ಭಾಗಿಸಿಕೊಂಡು ಹೋದರೆ ಸುಮಾರು 1,507 ಸಿಗುತ್ತದೆ, ಎಂದರೆ ಹತ್ತನೇ ಒಂದು ಪಾಲು ಕಡಿತ. ತಪ್ಪನ್ನು ಒಪ್ಪಿ ತಿದ್ದಿಕೊಂಡದ್ದು ವಿಜ್ಞಾನದ ಮರ್ಯಾದೆಯೇ. ಆದರೆ ಎಲ್ಲ ಭಾರತೀಯರಿಗೂ ಒಂದೇ ಕಡಿತ ಎಂದರೆ ಗರಡಿಯ ಪೈಲ್ವಾನನಿಗೂ ಅದೇ, ಬ್ಯಾಂಕಿನ ಗುಮಾಸ್ತನಿಗೂ ಅದೇ. ಇನ್ನು ಗುಣಿಸುವ ಅಂಕಿಯನ್ನು ನೋಡಿದರೆ ಬಿಎಂಆರ್ ಜಗಳವೇ ಸಣ್ಣದಾಗಿ ಕಾಣುತ್ತದೆ. ಅದೇ 55 ಕಿಲೊ ಹೆಂಗಸು ಕುಳಿತು ಕೆಲಸ ಮಾಡಿದರೆ 1,660, ಸಾಧಾರಣ ದುಡಿಮೆಗೆ 2,130, ಕಷ್ಟದ ದುಡಿಮೆಗೆ 2,720. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದಾಗ ದಿನವಿಡೀ ಬಗ್ಗಿ ಪೈರು ನೆಡುವವಳು, ನಾಟಿ ಮುಗಿದ ಮೇಲೆ ಹಸುಗಳಿಗೆ ಹುಲ್ಲು ಹಾಕಿ ಡೈರಿಗೆ ಹಾಲು ಹಾಕಿ ಬರುವವಳು ಒಬ್ಬಳೇ. ನಾಗಮಂಗಲದ ಮಳೆಯಾಶ್ರಿತ ಹೊಲದಲ್ಲಿ ಈ ಏರಿಳಿತದ ತಿಂಗಳುಗಳು ಬೇರೆ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಬೇರೆ. ಆ್ಯಪ್ ಒಮ್ಮೆ ಕೇಳಿ ಬರೆದುಕೊಂಡ ‘ಸಾಧಾರಣ’ ಎಂಬ ಉತ್ತರ ಇವುಗಳಲ್ಲಿ ಯಾವ ತಿಂಗಳಿನದು?

ದೇಹದ ಖರ್ಚು ನಿಂತ ನೀರಲ್ಲ ಎಂಬುದು ಇನ್ನೊಂದು ಮಾತು. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆಯಲ್ಲಿಟ್ಟರು. ತೂಕ ಸುಮಾರು ಕಾಲು ಭಾಗ ಇಳಿಯಿತು. ವಿಶ್ರಾಂತಿಯ ಖರ್ಚು ನೂರಕ್ಕೆ ಸುಮಾರು ನಲವತ್ತು ಇಳಿಯಿತು. ಊಟ ತಗ್ಗಿಸಿದರೆ ಖರ್ಚೂ ತಗ್ಗುತ್ತದೆ ಎಂದಾದ ಮೇಲೆ ದಿನಕ್ಕೆ 500 ಕಳೆದು ವಾರಕ್ಕೆ ಅರ್ಧ ಕಿಲೊ ಎಂಬ ಲೆಕ್ಕ ತಿಂಗಳೊಪ್ಪತ್ತು ಕಳೆಯುವುದರೊಳಗೆ ಮುಗ್ಗರಿಸಲೇಬೇಕು. ಮುಗ್ಗರಿಸಿದಾಗ ಬೈಗುಳ ಬೀಳುವುದು ದೇಹಕ್ಕೆ. ವಯಸ್ಸಿನ ವಿಷಯವೂ ಹೀಗೆಯೇ. ಮೂವತ್ತು ದಾಟಿದರೆ ಮೆಟಬಾಲಿಸಂ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಿಫ್ಲಿನ್ ಸೂತ್ರವಂತೂ ವರ್ಷಕ್ಕೆ ಐದರಂತೆ ಕಳೆಯುತ್ತದೆ. ಆದರೆ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪಾಂಟ್ಜರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ದೇಹದ ಗಾತ್ರ ಮತ್ತು ಹದವನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಹೆಚ್ಚುಕಡಿಮೆ ಸ್ಥಿರವಾಗಿಯೇ ಇತ್ತು. ವಯಸ್ಸಿನ ಜೊತೆ ಮಾಂಸಖಂಡ ಕರಗುತ್ತದೆ ಎಂಬ ಊಹೆಯನ್ನು ಸೂತ್ರ ವಯಸ್ಸಿನ ಹೆಸರಲ್ಲಿ ಅಡಗಿಸಿಟ್ಟಿದೆ. ಐವತ್ತೈದರಲ್ಲೂ ಹೊರೆ ಹೊರುವವಳಿಗೆ ಆ ಊಹೆ ಏಕೆ ಸಲ್ಲಬೇಕು? ಜಿಮ್ಮಿನ ಕಡೆಯ ಮಾತಿಗೂ ಇದೇ ಗತಿ. ಒಂದು ಕಿಲೊ ಮಾಂಸಖಂಡ ಬೆಳೆಸಿದರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತದೆ ಎನ್ನುತ್ತಾರೆ. ಸಿಗುವುದು ದಿನಕ್ಕೆ 13 ಕ್ಯಾಲೊರಿ, ಎಂದರೆ ನಾಲ್ಕು ಗ್ರಾಂ ರಾಗಿ ಹಿಟ್ಟು. ವ್ಯಾಯಾಮಕ್ಕೆ ಬೇರೆ ನೂರು ಒಳ್ಳೆಯ ಕಾರಣಗಳಿವೆ, ಈ ಸುಳ್ಳಿನ ಊರುಗೋಲು ಅದಕ್ಕೆ ಬೇಡ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಇದು: ಏನೂ ಇಲ್ಲದ್ದಕ್ಕಿಂತ ಅಂದಾಜಾದರೂ ಇರುವುದು ಮೇಲಲ್ಲವೇ? ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ ರೋಗಿಗೆ ನಳಿಕೆಯಲ್ಲಿ ಎಷ್ಟು ಆಹಾರ ಕೊಡಬೇಕೆಂದು ವೈದ್ಯರು ಎಲ್ಲಿಂದಲೋ ಶುರುಮಾಡಬೇಕಲ್ಲ? ಶುರುಮಾಡಬೇಕು, ಒಪ್ಪುತ್ತೇನೆ. ಆದರೆ ಅಲ್ಲಿ ವೈದ್ಯರು ದಿನವೂ ರೋಗಿಯನ್ನು ನೋಡಿ ತಿದ್ದಿಕೊಳ್ಳುತ್ತಾರೆ. ಸಾಧ್ಯವಿರುವ ಕಡೆ ಸೂತ್ರ ಬಿಟ್ಟು ಉಸಿರನ್ನೇ ಅಳೆಯಿರಿ ಎಂದು ತೀವ್ರನಿಗಾ ಚಿಕಿತ್ಸೆಯ ಮಾರ್ಗಸೂಚಿಗಳೇ ಹೇಳುತ್ತವೆ. ಸರ್ಕಾರ ಒಂದು ಜಿಲ್ಲೆಗೆ ಎಷ್ಟು ಧಾನ್ಯ ಬೇಕೆಂದು ಲೆಕ್ಕ ಹಾಕುವಾಗಲೂ ಸರಾಸರಿ ಬೇಕೇ ಬೇಕು. ಅದು ಹುಟ್ಟಿದ್ದೇ ಗುಂಪಿನ ಕೆಲಸಕ್ಕೆ. ಗುಂಪಿನ ಅಂಕಿಯನ್ನು ಒಬ್ಬರ ಹಣೆಗೆ ಅಂಟಿಸಿ, ಅದರ ತಪ್ಪಿನ ಅಂಚನ್ನು ಮುಚ್ಚಿಟ್ಟು, ಅದರಂತೆ ನಡೆಯದ ದೇಹವನ್ನು ಕೆಟ್ಟದ್ದೆನ್ನುವುದಕ್ಕೆ ಮಾತ್ರ ನನ್ನ ವಿರೋಧ. ಹೆಚ್ಚುಕಡಿಮೆ ಎಷ್ಟು ಎಂದು ಹೇಳದ ಅಂದಾಜು ಅಂದಾಜೇ ಅಲ್ಲ, ಆಜ್ಞೆ.

ಈಗ ಕೈಗಡಿಯಾರವೇ ನಾಡಿ ನೋಡುತ್ತದೆ, ತೂಕದ ಯಂತ್ರವೇ ಕೊಬ್ಬು ಅಳೆಯುತ್ತದೆ, ಇನ್ನೂ ಹಳೆಯ ಸೂತ್ರದ ಮಾತೇಕೆ ಎನ್ನುವವರಿದ್ದಾರೆ. ಕೈಗಡಿಯಾರ ನೀವು ಬಳಸಿದ ಆಮ್ಲಜನಕವನ್ನು ಅಳೆಯುವುದಿಲ್ಲ; ವಿಶ್ರಾಂತಿಯ ಖರ್ಚನ್ನು ಅದು ನೀವು ತುಂಬಿದ ತೂಕ, ಎತ್ತರ, ವಯಸ್ಸಿನಿಂದಲೇ ಊಹಿಸುತ್ತದೆ. ಪಾದದಡಿಯಿಂದ ಸಣ್ಣ ವಿದ್ಯುತ್ ಹರಿಸುವ ತೂಕದ ಯಂತ್ರ ಆ ಹರಿವಿಗಿರುವ ತಡೆಯಿಂದ ದೇಹದ ನೀರನ್ನು, ನೀರಿನಿಂದ ಕೊಬ್ಬಿಲ್ಲದ ಭಾಗವನ್ನು, ಅದರಿಂದ ಬಿಎಂಆರ್ ಅನ್ನು ಊಹಿಸುತ್ತದೆ. ಎರಡು ಲೋಟ ನೀರು ಕುಡಿದು ನಿಂತರೆ ಉತ್ತರ ಬದಲಾದೀತು. ಊಹೆಯ ಮೇಲೆ ಊಹೆ ಪೇರಿಸಿದರೆ ಅಳತೆಯಾಗುವುದಿಲ್ಲ. ಹಾಗಾದರೆ ಸಕ್ಕರೆ ಕಾಯಿಲೆ, ಬೊಜ್ಜು ಹಳ್ಳಿಗೂ ಬಂದಿರುವ ಕಾಲದಲ್ಲಿ ಜನ ಲೆಕ್ಕವನ್ನೇ ಬಿಟ್ಟುಬಿಡಲಿ ಎನ್ನುತ್ತೀರಾ ಎಂಬ ಪ್ರಶ್ನೆಗೂ ಉತ್ತರವಿದೆ. ಬಿಡಬೇಕಾದದ್ದು ಊಹೆಯ ಲೆಕ್ಕ, ಕಣ್ಣಿಗೆ ಕಾಣುವ ಲೆಕ್ಕವನ್ನಲ್ಲ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದೆಯೇ ಎಂದು ದರ್ಜಿಯ ಟೇಪು ಹೇಳುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಎಷ್ಟು ಎಂದು ಆರೋಗ್ಯ ಕೇಂದ್ರದ ರಕ್ತಪರೀಕ್ಷೆ ಹೇಳುತ್ತದೆ. ತಿನ್ನುವುದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ವಾರಕ್ಕೊಮ್ಮೆ ಅದೇ ಹೊತ್ತಿಗೆ ನೋಡಿದ ತೂಕ, ಎರಡು ಮೂರು ತಿಂಗಳಲ್ಲಿ, ಯಾವ ಸೂತ್ರಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಅದು ಬಾಸ್ಟನ್ನಿನವರ ಸರಾಸರಿಯಲ್ಲ, ನಿಮ್ಮದೇ ದೇಹದ ಉತ್ತರ.

ಆ್ಯಪ್ ಮಾಡುವವರು ಒಂಟಿ ಅಂಕಿಯ ಬದಲು ‘1,100ರಿಂದ 1,300ರ ನಡುವೆ ಇರಬಹುದು’ ಎಂದು ತೋರಿಸಲಿ. ಯಾರನ್ನು ಅಳೆದು ಕಟ್ಟಿದ ಸೂತ್ರ ಎಂಬುದನ್ನು ಅದರ ಕೆಳಗೆ ಬರೆಯಲಿ. ಡಯಟ್ ಹೇಳುವವರು ತಮ್ಮ ಮಾತು ಫಲಿಸದಾಗ ಮೊದಲು ತಮ್ಮ ಲೆಕ್ಕವನ್ನು ಸಂಶಯಿಸಲಿ. ಥೈರಾಯ್ಡ್ ತೊಂದರೆಯ ಗುಮಾನಿಯಿದ್ದರೆ ಅದಕ್ಕೆ ರಕ್ತಪರೀಕ್ಷೆಯಿದೆ, ಮಾಡಿಸಲಿ. ಉಸಿರನ್ನು ಅಳೆಯದೆ ಯಾರ ಮೆಟಬಾಲಿಸಮ್ಮನ್ನೂ ಯಾರೂ ‘ಸ್ಲೋ’ ಎನ್ನಕೂಡದು. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಇನ್ನು ಮುಂದೆ ಯಾರಾದರೂ ನಿಮ್ಮ ದೇಹ ಇಂತಿಷ್ಟೇ ಉರಿಸುತ್ತದೆ ಎಂದು ಹೇಳಿದರೆ, ‘ಅಳೆದಿದ್ದೀರಾ?’ ಎಂದು ಕೇಳಿ. ಇಲ್ಲ ಎಂದರೆ, ಆ ಅಂಕಿಗೆ ಹೆದರಿ ತಟ್ಟೆಯಿಂದ ಮುದ್ದೆ ಎತ್ತಿಡಬೇಡಿ.